ನೀಲಿ ಬೆಳಕಿನ ಇಪ್ಪತ್ತು ಸೆಕೆಂಡು

ದಸರಾ ರಜೆಗೆ ಮೊಮ್ಮಕ್ಕಳು ನೊಣವಿನಕೆರೆಗೆ ಬಂದರೆ ನಮ್ಮ ಮನೆಯಲ್ಲಿ ಮೊದಲು ಹೊರಗೆ ಬರುವುದು ನನ್ನ ಹಳೇ ಸೈಕಲ್ಲು. ಈ ಸಲವೂ ಬಂತು. ಐದನೇ ಕ್ಲಾಸಿನ ಮೊಮ್ಮಗ ಅದನ್ನು ಕೆರೆ ಏರಿಯ ಮೇಲೆ ಹೊಡೆದುಕೊಂಡು ಹೋದವನು, ಎದುರಿಗೆ ಬಂದ ಎಮ್ಮೆಗೆ ದಾರಿ ಬಿಡಲು ಹೋಗಿ ಹ್ಯಾಂಡಲ್ಲಿಗೆ ಬಾಯಿ ಹೊಡೆದುಕೊಂಡ. ತುಟಿ ಊದಿತು. ಅದು ಎರಡು ದಿನಕ್ಕೆ ಇಳಿಯುವಂಥದ್ದು. ಆದರೆ ಮೇಲಿನ ಸಾಲಿನ ಮುಂದಿನ ಹಲ್ಲಿನ ಒಂದು ಮೂಲೆ ಮುರಿದು ಹೋಗಿತ್ತು. ಹಾಲುಹಲ್ಲಲ್ಲ ಮತ್ತೆ ಹುಟ್ಟಲು. ಬಂದು ಮೂರು ವರ್ಷವೂ ಆಗದ ಶಾಶ್ವತ ಹಲ್ಲು.

ಅವನ ಅಕ್ಕ ಎಂಟನೇ ಕ್ಲಾಸು. ಅವಳು ತಮ್ಮನಿಗಿಂತ ಮೊದಲು ಹಲ್ಲಿನ ಚೂರನ್ನು ಹುಡುಕಿದಳು. ಅಕ್ಕಿಕಾಳಿನಷ್ಟು ಚೂರು, ಏರಿಯ ಮಣ್ಣಿನಲ್ಲಿ! ತಂದು ತೋರಿಸಿದಾಗ ನನ್ನಾಕೆ ಅಭ್ಯಾಸಬಲದಿಂದ, "ಸಗಣೀಲಿಟ್ಟು ಹೆಂಚಿನ ಮೇಲೆ ಎಸಿ, ಒಳ್ಳೆ ಹಲ್ಲು ಬರ್ತದೆ" ಅಂದಳು. ಮೊಮ್ಮಗಳು, "ಅಜ್ಜೀ, ಇದು ಬೇಕು, ಒಂದು ಲೋಟ ಹಾಲು ಕೊಡಿ" ಅಂತ ಚೂರನ್ನು ತಣ್ಣನೆ ಹಾಲಿಗೆ ಹಾಕಿದಳು. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಮುರಿದ ಚೂರು ಒಣಗಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ, ಅಂಟಿಸಿದರೂ ಬೇರೆಯಾಗಿ ಕಾಣುತ್ತದೆ. ಒದ್ದೆಯಾಗಿಟ್ಟರೆ ಎಷ್ಟೋ ಸಲ ಅದನ್ನೇ ವಾಪಸು ಕೂರಿಸಬಹುದು.

(ನಮ್ಮ ಕಡೆಯವರಿಗೆ ಒಂದು ಮಾತು. ಹಲ್ಲು ಬೇರುಸಹಿತ ಪೂರ್ತಿ ಕಿತ್ತುಬಂದಾಗ ಎಳನೀರಿನಲ್ಲಿ ಇಡಬಹುದೇ ಎಂದು ಭಾರತದಲ್ಲೂ ಬ್ರೆಜಿಲ್‌ನಲ್ಲೂ ಪರೀಕ್ಷಿಸಿ ನೋಡಿದ್ದಾರೆ. ಒಂದು ಕಡೆ ಚೆನ್ನಾಗಿದೆ ಎಂದು ಬಂತು, ಇನ್ನೊಂದು ಕಡೆ ಅದರ ಹುಳಿ ಗುಣ ಬೇರಿನ ಜೀವಕೋಶಗಳಿಗೆ ಒಳ್ಳೆಯದಲ್ಲ ಎಂದು ಬಂತು. ತೆಂಗಿನ ಮೇಲೆ ಎಷ್ಟೇ ಅಭಿಮಾನವಿದ್ದರೂ, ಹಾಲು ಸಿಗುವಾಗ ಹಾಲೇ ಇರಲಿ. ಆದಷ್ಟು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ, ದಂತವೈದ್ಯರ ಹತ್ತಿರ ಇರಬೇಕು.)

ಲೋಟದ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿಪಟೂರಿನ ಬಸ್ಸು ಹತ್ತಿದೆವು. ದಂತವೈದ್ಯೆ ಚಿಕ್ಕ ವಯಸ್ಸಿನವರು. ಚೂರನ್ನು ಮುರಿದ ಜಾಗಕ್ಕೆ ಹಿಡಿದು ನೋಡಿ, "ಸರಿಯಾಗಿ ಕೂರುತ್ತೆ ತಾತ, ನರಕ್ಕೂ ತಾಗಿಲ್ಲ" ಅಂದರು. ಹಲ್ಲಿನ ಸುತ್ತ ಹತ್ತಿ ಇಟ್ಟು ಎಂಜಲು ತಾಗದಂತೆ ಮಾಡಿದರು. ನೀಲಿ ಬಣ್ಣದ ಆಸಿಡ್ ಜೆಲ್ ಹಚ್ಚಿ ಕಾಲು ನಿಮಿಷ ಬಿಟ್ಟು ತೊಳೆದರು. ಒಂದು ದ್ರವ ಸವರಿದರು. ಆಮೇಲೆ ಹಲ್ಲಿನ ಬಣ್ಣದ ಮೇಣದಂಥ ವಸ್ತುವನ್ನು ಸ್ವಲ್ಪ ಇಟ್ಟು, ಚೂರನ್ನು ಕೂರಿಸಿ, ಪೆನ್ನಿನಂಥ ಒಂದು ದೀಪವನ್ನು ಹಲ್ಲಿಗೆ ಹತ್ತಿರ ಹಿಡಿದರು. ಕಣ್ಣಿಗೆ ಅಡ್ಡವಾಗಿ ಕಿತ್ತಳೆ ಬಣ್ಣದ ತಗಡು. ಬಾಯೊಳಗೆಲ್ಲ ನೀಲಿ ಬೆಳಕು. ಮುಂದಿನಿಂದ ಇಪ್ಪತ್ತು ಸೆಕೆಂಡು, ಹಿಂದಿನಿಂದ ಇಪ್ಪತ್ತು ಸೆಕೆಂಡು. ಇನ್ನೂ ಸ್ವಲ್ಪ ವಸ್ತು, ಇನ್ನೊಂದು ಇಪ್ಪತ್ತು. ದೀಪ ಹತ್ತು ಸೆಕೆಂಡಿಗೊಮ್ಮೆ ಕುಯ್ ಅನ್ನುತ್ತಿತ್ತು. ನಾನು ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸುವ ಹಾಗೆ ಪ್ರತಿ ಸಲವೂ ಎಣಿಸಿದೆ. ಯಾಕೆ ಎಣಿಸಿದೆ ಎಂಬುದಕ್ಕೆ ಒಂದು ಹಳೇ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಮೊಮ್ಮಗ ನಾಲಗೆಯಿಂದ ಹಲ್ಲು ಮುಟ್ಟಿ ನೋಡುತ್ತಾ ಕೇಳಿದ: "ತಾತ, ಆ ಲೈಟು ಬಿಸಿಗೆ ಅಂಟು ಒಣಗಿಸುತ್ತಾ?"

ಮಕ್ಕಳೇ, ಒಣಗಿಸುವುದಿಲ್ಲ. ನಮ್ಮ ಮನೆಯಂಗಳದ ಹಪ್ಪಳ ಒಣಗುವಾಗ ಅದರಿಂದ ನೀರು ಹೊರಟು ಹೋಗುತ್ತದೆ. ಹಲ್ಲಿನ ಈ ವಸ್ತುವಿನಿಂದ ಏನೂ ಹೊರಟು ಹೋಗುವುದಿಲ್ಲ. ಅದರ ಹೆಸರು ಕಾಂಪೊಸಿಟ್ ರೆಸಿನ್. ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನುಣ್ಣನೆಯ ಗಾಜಿನ ಪುಡಿ, ಉಳಿದದ್ದು ಜೇನುತುಪ್ಪದಂಥ ರೆಸಿನ್ನು. ಆ ರೆಸಿನ್ನಿನ ಅಣುಗಳು ಬಿಡಿ ಬಿಡಿಯಾಗಿ ಓಡಾಡಿಕೊಂಡಿರುತ್ತವೆ, ಅದಕ್ಕೇ ಮೆತ್ತಗಿರುತ್ತದೆ. ಅವುಗಳು ಒಂದಕ್ಕೊಂದು ಕೈ ಹಿಡಿದುಕೊಂಡರೆ ಗಟ್ಟಿ. ಬಿಡಿ ಅಣುವಿಗೆ ಮೊನೊಮರ್ ಎಂದೂ, ಕೈ ಹಿಡಿದ ಸರಪಳಿಗೆ ಪಾಲಿಮರ್ ಎಂದೂ ಹೆಸರು.

ಸರಪಳಿ ಮುಟ್ಟಾಟ ಆಡಿದ್ದೀರಲ್ಲ? ಔಟಾದವನು ಒಬ್ಬನನ್ನು ಮುಟ್ಟಿದರೆ ಅವನೂ ಕೈ ಹಿಡಿಯಬೇಕು, ಇಬ್ಬರೂ ಸೇರಿ ಮೂರನೆಯವನನ್ನು ಮುಟ್ಟಬೇಕು, ಸರಪಳಿ ಬೆಳೆಯುತ್ತಾ ಹೋಗುತ್ತದೆ. ರೆಸಿನ್ನಿನೊಳಗೆ ನಡೆಯುವುದೂ ಅದೇ ಆಟ. ಆದರೆ ಆಟ ಶುರುವಾಗಲು ಮೊದಲು ಒಬ್ಬ ಔಟಾಗಬೇಕು. ಅವನನ್ನು ಔಟು ಮಾಡುವುದು ಬೆಳಕು.

ಬೆಳಕನ್ನು ಹಿಡಿದುಕೊಳ್ಳಲು ರೆಸಿನ್ನಿಗೆ ಒಂದು ಚಿಟಿಕೆಗೂ ಕಡಿಮೆ ಹಳದಿ ಪುಡಿ ಸೇರಿಸಿರುತ್ತಾರೆ. ಅದರ ಹೆಸರು ಕ್ಯಾಂಫರ್‌ಕ್ವಿನೋನ್. ಅಜ್ಜಿಯರೇ, ಈ ಹೆಸರಿನ ಮೊದಲ ಅರ್ಧ ನಿಮಗೆ ಚೆನ್ನಾಗಿ ಗೊತ್ತಿರುವ ವಸ್ತು. ಕ್ಯಾಂಫರ್ ಅಂದರೆ ಕರ್ಪೂರ. ಬೇಟೆರಾಯಸ್ವಾಮಿಗೆ ಮಂಗಳಾರತಿ ಎತ್ತುವ ಕರ್ಪೂರಕ್ಕೆ ರಾಸಾಯನಿಕವಾಗಿ ಇನ್ನಷ್ಟು ಆಮ್ಲಜನಕ ಕೂಡಿಸಿದರೆ ಈ ಹಳದಿ ಪುಡಿ ಸಿಗುತ್ತದೆ. ಇದಕ್ಕೆ ಇಷ್ಟವಾದ ಬೆಳಕು ನೀಲಿ, ಅದರಲ್ಲೂ ಸುಮಾರು 470 ನ್ಯಾನೋಮೀಟರಿನ ನೀಲಿ. ಕೆಂಪು ಬೆಳಕನ್ನು ದಿನವಿಡೀ ಬಿಟ್ಟರೂ ಇದು ಕಣ್ಣು ತೆರೆಯುವುದಿಲ್ಲ. ನೀಲಿ ಬಿದ್ದ ತಕ್ಷಣ ಪಕ್ಕದಲ್ಲಿರುವ ಅಮೈನ್ ಎಂಬ ಇನ್ನೊಂದು ವಸ್ತುವಿನ ಜೊತೆ ಸೇರಿ ಮೊದಲ 'ಔಟಾದವ'ನನ್ನು ಹುಟ್ಟಿಸುತ್ತದೆ. ಕೆಲಸ ಮಾಡುತ್ತಾ ತನ್ನ ಹಳದಿ ಬಣ್ಣವನ್ನೂ ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಕಿತ್ತಳೆ ತಗಡು ಯಾಕೆ ಎಂಬುದಕ್ಕೂ ಇದರಲ್ಲೇ ಉತ್ತರ: ಕಿತ್ತಳೆ ಬಣ್ಣ ನೀಲಿಯನ್ನು ತಡೆದು, ಡಾಕ್ಟರ ಕಣ್ಣನ್ನು ಕಾಯುತ್ತದೆ. ರೆಸಿನ್ನಿನ ಸಿರಿಂಜನ್ನು ಬೆಳಕು ತೂರದ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಮಾಡುವುದೂ ಇದಕ್ಕೇ. ಇಲ್ಲದಿದ್ದರೆ ಕಿಟಕಿಯ ಬೆಳಕಿಗೇ ಆಟ ಶುರುವಾಗಿಬಿಡುತ್ತದೆ.

ಇದೆಲ್ಲ ಒಂದೇ ದಿನ ಆದದ್ದಲ್ಲ. 1955ರಲ್ಲಿ ಅಮೆರಿಕದ ಮೈಕೇಲ್ ಬ್ಯುನೊಕೋರ್ ಎಂಬ ದಂತವಿಜ್ಞಾನಿ, ಲೋಹಕ್ಕೆ ಬಣ್ಣ ಹಿಡಿಯಲೆಂದು ಆಸಿಡ್ ಸವರುವುದನ್ನು ಕಂಡು, ಹಲ್ಲಿಗೂ ಯಾಕಾಗಬಾರದು ಎಂದು ಯೋಚಿಸಿದರು. ನಮ್ಮ ಹುಡುಗನ ಹಲ್ಲಿಗೆ ಹಚ್ಚಿದ ಜೆಲ್ಲಿನ ಮೂಲ ಅದು. 1962ರಲ್ಲಿ ರಫೇಲ್ ಬೋವೆನ್ ಈ ರೆಸಿನ್ನಿಗೆ ಪೇಟೆಂಟ್ ಪಡೆದರು. ಆಗ ದೀಪವಿಲ್ಲ, ಎರಡು ಪೇಸ್ಟುಗಳನ್ನು ಕಲಸಿದರೆ ಕೆಲವು ನಿಮಿಷಕ್ಕೆ ತಾನೇ ಗಟ್ಟಿಯಾಗುತ್ತಿತ್ತು. ಕಲಸುವಾಗ ಗಾಳಿಗುಳ್ಳೆ ಸೇರುತ್ತಿತ್ತು, ವರ್ಷ ಕಳೆದಂತೆ ಹಳದಿಯಾಗುತ್ತಿತ್ತು. 1970ರ ದಶಕದ ಮೊದಲಲ್ಲಿ ನೇರಳಾತೀತ ಕಿರಣದ ದೀಪ ಬಂತು. ಅದು ಆಳಕ್ಕೆ ಇಳಿಯುತ್ತಿರಲಿಲ್ಲ, ಕಣ್ಣಿಗೂ ಒಳ್ಳೆಯದಲ್ಲ. 1976ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೊಹಮದ್ ಬಸ್ಯೂನಿ ಎಂಬ ದಂತವೈದ್ಯರು ಕಣ್ಣಿಗೆ ಕಾಣುವ ನೀಲಿ ಬೆಳಕಿನಿಂದ ಮೊದಲ ಬಾರಿಗೆ ಹಲ್ಲು ತುಂಬಿದರು. ಯಾರ ಹಲ್ಲು ಅಂತೀರಿ? ತಮ್ಮದೇ ವಿಭಾಗದ ಮುಖ್ಯಸ್ಥರ ಹಲ್ಲು! ಆ ವರ್ಷ ನಾನು ಬ್ಯಾಂಕಿನಲ್ಲಿ ಹೊಸ ಗುಮಾಸ್ತ. ನಮ್ಮ ಮ್ಯಾನೇಜರರ ಲೆಡ್ಜರಿನಲ್ಲಿ ಒಂದು ಅಂಕಿ ತಿದ್ದಲೂ ಕೈ ನಡುಗುತ್ತಿತ್ತು.

ಈಗ ನನ್ನ ಹಳೇ ಕಾರಣ. ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ಅರ್ಧವಾರ್ಷಿಕ ಲೆಕ್ಕ ಮುಗಿಸುವ ಸೆಪ್ಟೆಂಬರ್ ಕೊನೆಯ ವಾರ. ನನ್ನ ಬಲಗಡೆ ದವಡೆ ಹಲ್ಲಿನಲ್ಲಿ ಆಳವಾದ ಹುಳುಕು. ಸಂಜೆ ಆಫೀಸು ಬಿಟ್ಟು ಒಬ್ಬ ದಂತವೈದ್ಯರ ಹತ್ತಿರ ಹೋದೆ. ಊರು, ಹೆಸರು ಬೇಡ. ತಪ್ಪಿನಲ್ಲಿ ನನ್ನದೂ ಪಾಲಿದೆ. "ಬೇಗ ಮುಗಿಸಿ ಡಾಕ್ಟ್ರೆ, ಕೊನೇ ಬಸ್ಸು ತಪ್ಪಿಹೋಗುತ್ತೆ" ಎಂದು ಮೂರು ಸಲ ಹೇಳಿದವನು ನಾನೇ. ಅವರು ಗುಂಡಿಗೆ ರೆಸಿನ್ನನ್ನು ಒಂದೇ ಸಲಕ್ಕೆ ತುಂಬಿ, ಮೇಲಿನಿಂದ ಒಂದು ಸಲ ದೀಪ ಬಿಟ್ಟರು. ಮುಟ್ಟಿ ನೋಡಿದೆ, ಕಲ್ಲಿನಂತಿತ್ತು. ಬಸ್ಸೂ ಸಿಕ್ಕಿತು. ಎರಡು ವರ್ಷದೊಳಗೆ ಅದರ ಅಡಿಯಲ್ಲಿ ಮತ್ತೆ ಹುಳುಕು ಹಿಡಿದು ರಾತ್ರಿಯೆಲ್ಲ ನೋವು. ಬೇರೆ ವೈದ್ಯರು ತೆಗೆದು ನೋಡಿ, "ಮೇಲೆ ಗಟ್ಟಿ, ತಳದಲ್ಲಿ ಮೆತ್ತಗೇ ಉಳಿದಿದೆ" ಅಂದರು. ಹುಳುಕು ಮರುಕಳಿಸಲು ಬೇರೆ ಕಾರಣಗಳೂ ಇರುತ್ತವೆ, ನನ್ನ ರಾತ್ರಿಯ ಬೆಲ್ಲ-ಕೊಬ್ಬರಿಯೂ ಸೇರಿದಂತೆ. ಏನೇ ಆಗಲಿ, ಹಲ್ಲು ಉಳಿಯಲಿಲ್ಲ.

ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಬೇಕಿತ್ತು. ಅಟ್ಟಕ್ಕೆ ಹಾಕಿದ ಕಾಯಿ ಹೊರಗಿನಿಂದ ಮೂರನೇ ತಿಂಗಳಿಗೇ ಒಣಗಿದಂತೆ ಕಾಣುತ್ತದೆ. ಆದರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗಡಗಡ ಅನ್ನಲು ಹೆಚ್ಚುಕಡಿಮೆ ವರ್ಷ ಬೇಕು. ಅವಸರಕ್ಕೆ ಒಡೆದರೆ ಹಸಿಕೊಬ್ಬರಿ, ಬೂಷ್ಟು ಹಿಡಿಯುತ್ತದೆ. ಕಾಯಿಯನ್ನಾದರೆ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಬಹುದು. ತುಂಬಿದ ಹಲ್ಲನ್ನು ಹಾಗೆ ನೋಡಲಾಗದು.

ತಳ ಯಾಕೆ ಮೆತ್ತಗೆ ಉಳಿಯುತ್ತದೆ? ಬೆಳಕು ರೆಸಿನ್ನಿನಲ್ಲಿ ಇಳಿಯುತ್ತಾ ಇಳಿಯುತ್ತಾ ಗಾಜಿನ ಪುಡಿಗೆ ಬಡಿದು ಚದುರುತ್ತದೆ, ಬಣ್ಣ ಅದನ್ನು ನುಂಗುತ್ತದೆ. ಎರಡು ಮಿಲಿಮೀಟರ್ ದಾಟುವಷ್ಟರಲ್ಲಿ ಬಹುಪಾಲು ಖರ್ಚಾಗಿರುತ್ತದೆ. ಅದಕ್ಕೇ ಸಾಮಾನ್ಯ ರೆಸಿನ್ನನ್ನು ಎರಡು ಮಿಲಿಮೀಟರಿಗಿಂತ ದಪ್ಪವಾಗಿ ಹಾಕಬಾರದು. ಒಂದು ಪದರ, ಬೆಳಕು, ಮತ್ತೊಂದು ಪದರ, ಬೆಳಕು. ಗಾಢ ಬಣ್ಣದ ರೆಸಿನ್ನಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ನಮ್ಮಂಥ ವಯಸ್ಸಾದವರ ಹಲ್ಲಿನ ಬಣ್ಣಕ್ಕೆ ಹೊಂದಿಸುವುದು ಗಾಢವಾದದ್ದನ್ನೇ, ನೆನಪಿರಲಿ. ಈಗ ನಾಲ್ಕು ಮಿಲಿಮೀಟರ್ ತನಕ ಒಂದೇ ಸಲ ಹಾಕಬಹುದಾದ ರೆಸಿನ್ನುಗಳೂ ಬಂದಿವೆ, ಅವುಗಳಲ್ಲಿ ಬೆಳಕು ಹೆಚ್ಚು ಆಳಕ್ಕೆ ಇಳಿಯುತ್ತದೆ. ಯಾವುದೇ ಆದರೂ ದೀಪದ ತುದಿ ದೂರವಿದ್ದರೆ, ಓರೆಯಾಗಿದ್ದರೆ, ತುದಿಗೆ ಹಳೇ ರೆಸಿನ್ನು ಮೆತ್ತಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಮಗು ತಲೆ ಅಲ್ಲಾಡಿಸಿದರೂ ತಪ್ಪುತ್ತದೆ.

ಲೆಕ್ಕ ಅಂದೆನಲ್ಲ, ಇದು ನನ್ನ ಕ್ಷೇತ್ರ. ದೀಪದ ಶಕ್ತಿಯನ್ನು ಒಂದು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿವ್ಯಾಟ್ ಎಂದು ಅಳೆಯುತ್ತಾರೆ. ಅದನ್ನು ಸೆಕೆಂಡಿನಿಂದ ಗುಣಿಸಿದರೆ ಹಲ್ಲಿಗೆ ಸಿಕ್ಕ ಒಟ್ಟು ಬೆಳಕು. ಅಸಲನ್ನು ಅವಧಿಯಿಂದ ಗುಣಿಸುವ ಸರಳಬಡ್ಡಿಯ ಹಾಗೆ. ಹಳೇ ಹ್ಯಾಲೊಜೆನ್ ದೀಪ 400 ಮಿಲಿವ್ಯಾಟ್ ಕೊಡುತ್ತಿತ್ತು ಅನ್ನಿ. 40 ಸೆಕೆಂಡು ಹಿಡಿದರೆ 16,000 ಮಿಲಿಜೂಲ್, ಅಂದರೆ 16 ಜೂಲ್. ಈಗಿನ ಎಲ್‌ಇಡಿ ದೀಪ 800 ಕೊಟ್ಟರೆ 20 ಸೆಕೆಂಡಿಗೆ ಅದೇ 16 ಜೂಲ್. ಇಷ್ಟರವರೆಗೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಹಾಗಾದರೆ 3,200 ಕೊಡುವ ಭಾರಿ ದೀಪ ತಂದು ಐದೇ ಸೆಕೆಂಡಿನಲ್ಲಿ ಮುಗಿಸಬಹುದಲ್ಲ? ಕಾಗದದ ಮೇಲೆ ಹೌದು. ಹಲ್ಲಿನಲ್ಲಿ ಯಾವಾಗಲೂ ಹೌದಲ್ಲ.

ಮತ್ತೆ ಮುಟ್ಟಾಟಕ್ಕೆ ಬನ್ನಿ. ಒಂದೇ ಸಲಕ್ಕೆ ತುಂಬಾ ಜನರನ್ನು ಔಟು ಮಾಡಿಬಿಟ್ಟರೆ ಏನಾಗುತ್ತದೆ? ಎಲ್ಲೆಲ್ಲೂ ಚಿಕ್ಕ ಚಿಕ್ಕ ಸರಪಳಿಗಳು. ಒಂದರ ತುದಿ ಇನ್ನೊಂದರ ತುದಿಗೆ ತಾಗಿದರೆ ಎರಡೂ ಅಲ್ಲಿಗೇ ನಿಂತುಹೋಗುತ್ತವೆ. ರೆಸಿನ್ನಿನಲ್ಲೂ ಹಾಗೇ, ಅತಿ ಪ್ರಖರ ಬೆಳಕು ಅತಿ ಕಡಿಮೆ ಹೊತ್ತು ಬಿದ್ದರೆ ಸರಪಳಿಗಳು ಒಂದನ್ನೊಂದು ನಿಲ್ಲಿಸಿಬಿಡುತ್ತವೆ. ನಿಧಾನದ ಬೆಳಕಿನಲ್ಲೂ ಎಲ್ಲರೂ ಕೈ ಹಿಡಿಯುವುದಿಲ್ಲ ಎಂಬುದು ಬೇರೆ ಮಾತು. ಕೈಗಳಲ್ಲಿ ಸುಮಾರು ನೂರಕ್ಕೆ 50ರಿಂದ 70 ಮಾತ್ರ ಕೂಡಿಕೊಳ್ಳುತ್ತವೆ. ಗಟ್ಟಿಯಾಗುತ್ತಾ ಹೋದಂತೆ ಉಳಿದವುಗಳಿಗೆ ಅಲ್ಲಾಡಲು ಜಾಗವಿರುವುದಿಲ್ಲ. ದೀಪ ಆರಿದ ಮೇಲೂ ಒಂದು ದಿನದವರೆಗೆ ಆಟ ನಿಧಾನವಾಗಿ ನಡೆಯುತ್ತಲೇ ಇರುತ್ತದೆ.

ಇನ್ನೊಂದು ತೊಡಕು, ಕುಗ್ಗುವುದು. ದೂರ ನಿಂತಿದ್ದವರು ಕೈ ಹಿಡಿದರೆ ಹತ್ತಿರ ಬರಲೇಬೇಕಲ್ಲ? ಹಾಗೆ ರೆಸಿನ್ನು ಗಾತ್ರದಲ್ಲಿ ನೂರಕ್ಕೆ ಎರಡು-ಮೂರರಷ್ಟು ಕುಗ್ಗುತ್ತದೆ. ಕುಗ್ಗುವಾಗ ಹಲ್ಲಿನ ಗೋಡೆಯನ್ನು ಎಳೆಯುತ್ತದೆ, ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಎಂಜಲು ನುಗ್ಗುತ್ತದೆ. ಅದನ್ನು ಕಡಿಮೆ ಮಾಡಲು ಮೊದಲು ಮಂದ ಬೆಳಕು, ಆಮೇಲೆ ಪೂರ್ತಿ ಬೆಳಕು ಕೊಡುವ ದೀಪಗಳಿವೆ. ರೆಸಿನ್ನಿಗೆ ಬಿಗಿಯುವ ಮೊದಲು ಸ್ವಲ್ಪ ಹರಿದು ಹೊಂದಿಕೊಳ್ಳಲು ಸಮಯ ಸಿಗಲಿ ಎಂದು. ಪದರ ಪದರವಾಗಿ ಹಾಕುವುದರಿಂದಲೂ ಎಳೆತ ತಗ್ಗುತ್ತದೆ. ಭಾರಿ ದೀಪದ ಬಿಸಿಯೂ ಗಮನಿಸಬೇಕಾದದ್ದೇ. ಹಲ್ಲಿನೊಳಗಿನ ನರಭಾಗದ ಉಷ್ಣತೆ ಐದೂವರೆ ಡಿಗ್ರಿ ಏರಿದರೆ ಕೆಲವು ಹಲ್ಲುಗಳ ಜೀವವೇ ಹೋಗುತ್ತದೆ ಎಂದು 1965ರಲ್ಲಿ ಕೋತಿಗಳ ಮೇಲಿನ ಪ್ರಯೋಗದಲ್ಲಿ ಕಂಡಿತ್ತು. ನಮ್ಮ ಡಾಕ್ಟರಮ್ಮ ಮಧ್ಯೆ ಮಧ್ಯೆ ಗಾಳಿ ಊದುತ್ತಿದ್ದದ್ದು ಸುಮ್ಮನೆ ಅಲ್ಲ.

ನನ್ನ ಹಲ್ಲಿಗೆ ಹಿಡಿದದ್ದು ಹ್ಯಾಲೊಜೆನ್ ದೀಪ. ಅದರ ಬಲ್ಬು, ಶೋಧಕ ಹಳತಾದಂತೆ ಬೆಳಕು ಕುಂದುತ್ತದೆ, ಕಣ್ಣಿಗೆ ಮಾತ್ರ ಅಷ್ಟೇ ನೀಲಿಯಾಗಿ ಕಾಣುತ್ತದೆ. ವೋಲ್ಟೇಜ್ ಇಳಿದರೂ ಕುಂದುತ್ತದೆ. ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ದೀಪ ಹೇಗೆ ಮಂಕಾಗುತ್ತಿತ್ತು ಎಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಈಗಿನ ಎಲ್‌ಇಡಿ ದೀಪಗಳು ಬ್ಯಾಟರಿಯ ಮೇಲೆ ನಡೆಯುತ್ತವೆ. ಪ್ರಖರವಾದ ನೀಲಿ ಎಲ್‌ಇಡಿಯನ್ನು 1993ರಲ್ಲಿ ಜಪಾನಿನ ಶುಜಿ ನಕಾಮುರ ಮಾಡಿ ತೋರಿಸಿದರು. ಅದಕ್ಕಾಗಿ 2014ರಲ್ಲಿ ಅವರಿಗೂ ಅಕಾಸಾಕಿ, ಅಮಾನೊ ಅವರಿಗೂ ನೊಬೆಲ್ ಬಂತು. ನೀವು ಓದುವ ಮೇಜಿನ ಬಿಳಿ ಬಲ್ಬಿನ ಒಳಗಿರುವುದೂ ಅದೇ ನೀಲಿ, ಮೇಲೆ ಹಳದಿ ಲೇಪವಿರುವುದರಿಂದ ಬಿಳಿಯಾಗಿ ಕಾಣುತ್ತದೆ. ಆದರೂ ದೀಪವನ್ನು ಆಗಾಗ ಮೀಟರಿಗೆ ಹಿಡಿದು ಅಳೆಯಬೇಕು. ನಾನು ಕೇಳಿಯೇಬಿಟ್ಟೆ. ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ, ಡ್ರಾಯರಿನಿಂದ ಪುಟ್ಟ ಮೀಟರು ತೆಗೆದು ತೋರಿಸಿದರು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನಾಕೆಗೆ ಎರಡು ಅನುಮಾನ. "ಅದು ಎಕ್ಸ್‌ರೇ ಥರಾನಾ? ಮಗೀಗೆ ಏನೂ ಆಗಲ್ವಾ?" ಎಕ್ಸ್‌ರೇ ಅಲ್ಲ, ಕಾಮನಬಿಲ್ಲಿನಲ್ಲಿರುವ ನೀಲಿಯೇ. ನೇರ ದಿಟ್ಟಿಸಿ ನೋಡಬಾರದು ಅಷ್ಟೆ. "ಹಂಗಾದ್ರೆ ನನ್ನ ಹಲ್ಲಿನ ಸೆಟ್ಟಿಗೂ ಲೈಟು ಬಿಟ್ಟಿದ್ರಾ?" ಇಲ್ಲ, ಅವಳ ಸೆಟ್ಟು ಬೇಯಿಸಿದ್ದು! ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಎಷ್ಟೋ ಹಿರಿಯರಿಗೆ ಸಿಕ್ಕಿರುವ ಗುಲಾಬಿ ಬಣ್ಣದ ಸೆಟ್ಟುಗಳಂತೆ ಅದೂ ಅಕ್ರಿಲಿಕ್. ಮೊಮ್ಮಗನ ರೆಸಿನ್ನಿಗೆ ಹತ್ತಿರದ ನೆಂಟ, ಅದೇ ಕೈ ಹಿಡಿಯುವ ಆಟ. ಅಲ್ಲಿ ಆಟ ಶುರು ಮಾಡುವುದು ಬೆಳಕಲ್ಲ, ಶಾಖ. ಅಚ್ಚಿನಲ್ಲಿಟ್ಟು 70 ಡಿಗ್ರಿ ದಾಟಿದ ನೀರಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಅವಸರದಿಂದ ಕುದಿಸಿದರೆ ಒಳಗಿನ ಮೊನೊಮರೇ ಕುದ್ದು ಗುಳ್ಳೆ ಗುಳ್ಳೆಯಾಗುತ್ತದೆ. "ಇಡ್ಲಿ ಹಂಗೆ" ಅಂದಳು.

ಮಕ್ಕಳೇ, ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ರಾತ್ರಿ ದೀಪ ಆರಿಸಿ, ಟಾರ್ಚಿನ ಮುಂದೆ ಎಳನೀರಿನ ತೆಳು ಗಂಜಿ ಹಿಡಿಯಿರಿ, ಆಮೇಲೆ ಬಲಿತ ಕಾಯಿಯ ಒಂದು ಹೋಳು, ಆಮೇಲೆ ಎರಡು ಹೋಳು ಒಂದರ ಮೇಲೊಂದು. ಹೋಳು ಕತ್ತರಿಸುವುದನ್ನು ದೊಡ್ಡವರಿಗೆ ಬಿಡಿ. ಬೆಳಕು ಎಲ್ಲಿಯವರೆಗೆ ದಾಟಿತು, ಟಾರ್ಚನ್ನು ಒಂದು ಗೇಣು ದೂರ ಇಟ್ಟಾಗ ಏನಾಯಿತು ಎಂದು ಬರೆದು ಕಳಿಸಿ. ನಮ್ಮ ಮನೆಯ ಇಬ್ಬರೂ ಮಾಡಿ ನೋಡಿ, ಅರ್ಧ ಕಾಯಿ ತಿಂದು ಮುಗಿಸಿದರು. ಹುಡುಗ ಹಿಂದಿನ ಹಲ್ಲಿನಲ್ಲೇ ಅಗಿಯುತ್ತಿದ್ದ. ಮುಂದಿನ ಹಲ್ಲಿನಲ್ಲಿ ಕಬ್ಬು ಸಿಗಿಯಕೂಡದು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಾರೆ. ಬಿಸಿಲಿಗೆ ತಿರುಗಿಸಿ ನೋಡಿದರೆ ಕೂಡಿಸಿದ ಜಾಗದಲ್ಲಿ ಒಂದು ಸಣ್ಣ ಗೆರೆ ಕಾಣುತ್ತದೆ. ಅದನ್ನು ಅವನು ಬೀದಿಯ ಹುಡುಗರಿಗೆಲ್ಲ ಕರೆದು ಕರೆದು ತೋರಿಸುತ್ತಿದ್ದಾನೆ.